ಬೂದಿಯ ಮಗ, ಮಲ್ಲಿಗೆಯ ಮಗ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆಯವರನ್ನು ಬೈಯುವುದಕ್ಕೆ ಅನುಕೂಲವಾಗುತ್ತದೆ. ನಮ್ಮ ಮನೆಯ ಬೀಜದ ಹೋರಿಯಾಗಬೇಕಿದ್ದ ಪ್ರಾಣಿಯ ಬೀಜ ಒಡೆಸಿ ಎತ್ತು ಮಾಡಿಸಿದವನು ನಾನು. ಆಗ ನನಗೆ ಹನ್ನೊಂದು ವರ್ಷ. ನಾನು ಹಗ್ಗ ಹಿಡಿಯಲಿಲ್ಲ, ಕಾಲು ಕಟ್ಟಲಿಲ್ಲ, ಹತ್ತಿರಕ್ಕೂ ಹೋಗಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ನಾಲ್ಕು ಪದ ಆಡಿದೆ, ಅದೂ ನನ್ನ ದನಿಯಲ್ಲಲ್ಲ. ಆ ನಾಲ್ಕು ಪದದಿಂದ ನಮ್ಮ ಕೊಟ್ಟಿಗೆ ಆರು ವರ್ಷ ದಾರಿ ತಪ್ಪಿತು, ಅಮ್ಮನ ಮೊಣಕಾಲಿಗೆ ಒದೆ ಬಿತ್ತು, ಅಪ್ಪನಿಗೆ ಒಂದು ಟವೆಲ್ಲು ಬಹುಮಾನ ಬಂತು, ಊರಿಗೆಲ್ಲ ಗಟ್ಟಿ ತಲೆಯ ಹೆಂಗಸೆಂದು ಹೆಸರಾಗಿದ್ದ ನಮ್ಮಜ್ಜಿಗೆ ಅರುಳು ಮರುಳು ಎಂಬ ಪಟ್ಟ ಬಂತು. ನಾನು ಮಾತ್ರ ಆ ದಿನ ಹೋರಿಗೆಂದು ಇಟ್ಟಿದ್ದ ಬೆಲ್ಲವನ್ನು ತಿಂದು ಸುಮ್ಮನೆ ಕೂತಿದ್ದೆ.

ಅಣಕಿಸುವುದನ್ನು ನನಗೆ ಯಾರೂ ಕಲಿಸಲಿಲ್ಲ. ಊರಿನ ಅರ್ಧ ಜನ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು. ಮೇಷ್ಟರು ಮೂಗಿನಲ್ಲಿ ಹಾಜರಿ ಕೂಗುವುದು, ಬಸ್ಸಿನ ಕಂಡಕ್ಟರು ಹೊಸದುರ್ಗ ಎನ್ನುವ ಊರನ್ನು ಒಂದೇ ಉಸಿರಿಗೆ ಮೂರು ಸಲ ನುಂಗುವುದು, ಅಪ್ಪ ಸುಳ್ಳು ಹೇಳುವ ಮುಂಚೆ ಎರಡು ಸಲ ಕೆಮ್ಮುವುದು, ಅಮ್ಮ ಕೋಳಿಯನ್ನೂ ನನ್ನನ್ನೂ ಒಂದೇ ರಾಗದಲ್ಲಿ ಓಡಿಸುವುದು, ಎಲ್ಲವೂ ನನ್ನ ಹತ್ತಿರ ಇತ್ತು. ಅದಕ್ಕೇ ಎಲ್ಲರೂ ನನ್ನನ್ನು ಗಿಣಿ ಎನ್ನುತ್ತಿದ್ದರು. ನನ್ನದೇ ಆದ ದನಿ ಇತ್ತೋ ಇಲ್ಲವೋ ಈಗ ನೆನಪಿಲ್ಲ. ಮೇಷ್ಟರು ಹೆಸರು ಕೇಳಿದಾಗ ಅವರ ಮೂಗಿನಲ್ಲೇ ಉತ್ತರ ಹೇಳಿ ಬೆತ್ತದ ಏಟು ತಿಂದದ್ದು ನೆನಪಿದೆ. ಅಜ್ಜಿಯ ದನಿ ಎಲ್ಲಕ್ಕಿಂತ ಕಷ್ಟ. ಅದು ಕೆಳಗಿನಿಂದ ಶುರುವಾಗಿ, ಏರು ಹತ್ತಿದ ಗಾಡಿಯ ಹಾಗೆ ಕಿರುಗುಟ್ಟುತ್ತಾ ಮೇಲೆ ಹೋಗಿ, ಕೊನೆಯ ಅಕ್ಷರಕ್ಕೆ ಒನಕೆ ಬಿದ್ದ ಹಾಗೆ ನಿಲ್ಲುತ್ತಿತ್ತು. ಅದನ್ನು ಹಿಡಿಯಲು ನನಗೆ ಒಂದು ಬೇಸಗೆ ಪೂರ್ತಿ ಬೇಕಾಯಿತು. ಕುರಿ ಕಾಯುವ ನೆಪದಲ್ಲಿ ಬಂಡೆಯ ಹಿಂದೆ ಕೂತು ಕುರಿಗಳಿಗೇ ಅಜ್ಜಿಯ ದನಿಯಲ್ಲಿ ಬೈಯುತ್ತಿದ್ದೆ. ಅವು ಮೇಯುವುದು ಬಿಟ್ಟು ತಲೆ ಎತ್ತಿ ನೋಡಿದ ದಿನ ನನ್ನ ವಿದ್ಯೆ ಕೈಗೂಡಿತು ಎಂದುಕೊಂಡೆ. ಅಂಥ ವಿದ್ಯೆಗೆ ಕುರಿಗಳೇ ಪರೀಕ್ಷಕರಾಗಿದ್ದರಲ್ಲಿ ತಪ್ಪೇನಿಲ್ಲ.

ನಮ್ಮದು ಹೊಳಲ್ಕೆರೆಯಿಂದ ಹೊರಕೆರೆದೇವರಪುರದ ಕಡೆಗೆ ಹೋಗುವಾಗ ಸಿಗುವ ಹಳ್ಳಿ. ಏಳು ಅಂಕಣದ ಮನೆ, ಅಂದರೆ ಕಂಬದ ಸಾಲುಗಳ ನಡುವೆ ಏಳು ಪಾಲು. ಹೊಸ್ತಿಲು ದಾಟಿದರೆ ಮೊದಲು ಸಿಗುವುದು ದನ, ಆಮೇಲೆ ಜನ. ಮುಂದಿನ ಮೂರು ಅಂಕಣ ತಗ್ಗು. ಅಲ್ಲಿ ಗೋದಲೆ, ಗೂಟ, ಗಂಜಲ. ಮೊಣಕಾಲೆತ್ತರದ ಜಗಲಿ ಹತ್ತಿದರೆ ನಮ್ಮ ಊಟ, ನಿದ್ದೆ, ಜಗಳ. ಅದರ ಹಿಂದೆ ಅಡಿಗೆಮನೆ, ಅದರಾಚೆ ಹಿತ್ತಲು. ಹಸು ಕೆಮ್ಮಿದರೆ ಅಮ್ಮ ಮುದ್ದೆ ತಿರುವುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು. ನಾನು ಕೆಮ್ಮಿದರೆ ಯಾರನ್ನು ಅಣಕಿಸುತ್ತಿದ್ದೀಯ ಎಂದು ಕೇಳುತ್ತಿದ್ದಳು. ಕುರಿಗಳು ಹೊಲದ ಹಟ್ಟಿಯಲ್ಲಿದ್ದವು, ಅವು ಅಪ್ಪನ ರಾಜ್ಯ. ದನ ಅಜ್ಜಿಯ ರಾಜ್ಯ. ಯಾವ ಕಡಸನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೊಟ್ಟುಬಿಡಬೇಕು, ಯಾವ ಹೋರಿಯನ್ನು ಬೀಜಕ್ಕೆ ಇಡಬೇಕು, ಯಾವುದನ್ನು ಎತ್ತು ಮಾಡಬೇಕು ಎನ್ನುವುದೆಲ್ಲ ಆಕೆಯ ಮಾತು. ತಾತ ಬದುಕಿದ್ದಾಗಲೂ ಹಾಗೇ ಇತ್ತಂತೆ. ತಾತ ಉತ್ತು ಬಂದು ಕಾಲು ತೊಳೆದುಕೊಂಡು ಅಜ್ಜಿ ಹೇಳಿದ್ದಕ್ಕೆ ತಲೆ ಆಡಿಸುತ್ತಿದ್ದನಂತೆ. ಅಪ್ಪನಿಗೆ ಆ ತಲೆ ಬರಲಿಲ್ಲ.

ಅಜ್ಜಿ ಕರುವನ್ನು ನೋಡಿ ಕರುವಿನ ಯೋಗ್ಯತೆ ಹೇಳುತ್ತಿರಲಿಲ್ಲ. ಅದರ ತಾಯಿ ಎಷ್ಟು ಸಲ ಈದಳು, ಎಷ್ಟು ವರ್ಷ ಬರಿದಾಗಿ ನಿಂತಳು, ತಾಯಿಯ ತಾಯಿ ಮುದುಕಿಯಾದಾಗ ಹೇಗಿದ್ದಳು, ಇದಿಷ್ಟೇ ಆಕೆಯ ಪ್ರಶ್ನೆ. ಅದಕ್ಕಾಗಿ ಕೊಟ್ಟಿಗೆಯ ಗೋಡೆಯನ್ನೇ ಪುಸ್ತಕ ಮಾಡಿಕೊಂಡಿದ್ದಳು. ಪ್ರತಿ ಹಸುವಿನ ಗೂಟದ ನೇರಕ್ಕೆ ಗೋಡೆಯ ಮೇಲೆ ಸಾಲು. ಹಸು ಈದರೆ ಕೆಮ್ಮಣ್ಣಿನಲ್ಲಿ ಹೆಬ್ಬೆರಳು ಅದ್ದಿ ಒಂದು ಒತ್ತು. ವರ್ಷ ಬರಿದೇ ಹೋದರೆ ಸುಣ್ಣದಲ್ಲಿ ಒಂದು ಒತ್ತು. ಬೂದಿ ಎನ್ನುವ ಮುದಿ ಹಸುವಿನ ಸಾಲಿನಲ್ಲಿ ಹತ್ತು ಕೆಂಪು, ನಡುವೆಲ್ಲೋ ಎರಡು ಬಿಳಿ. ಬೂದಿಯ ತಾಯಿಯ ಸಾಲು ಅದರ ಮೇಲೆ, ತಾಯಿಯ ತಾಯಿಯದು ಇನ್ನೂ ಮೇಲೆ, ಹೊಗೆ ಹಿಡಿದು ಕೆಂಪು ಕಪ್ಪಾಗಿತ್ತು. ಅಪ್ಪ ಸಂತೆಯಿಂದ ತಂದಿದ್ದ ಮಲ್ಲಿಗೆ ಎಂಬ ಹಸುವಿನ ಸಾಲು ಮಾತ್ರ, ಒಂದೇ ಒಂದು ಕೆಂಪು ಬಿಟ್ಟರೆ, ಮದುವೆ ಮನೆಯ ಗೋಡೆಯ ಹಾಗೆ ಬೆಳ್ಳಗಿತ್ತು. ಈಚೆಗೆ ದನದ ಡಾಕ್ಟರು ದಪ್ಪ ಪುಸ್ತಕ ತೆರೆದು ಹಸುವಿನ ತಾಯಿಯ ದಾಖಲೆ ಐತೇನ್ರಿ ಎಂದು ಕೇಳಿದಾಗ ನನಗೆ ಅಜ್ಜಿಯ ಹೆಬ್ಬೆರಳು ಕಣ್ಣಿಗೆ ಕಟ್ಟಿತು. ಆಗ ಅದು ಯಾರಿಗೂ ವಿದ್ಯೆಯಾಗಿ ಕಂಡಿರಲಿಲ್ಲ. ಗೋಡೆ ಗಲೀಜು ಮಾಡುವ ಮುದುಕಿಯ ಚಟ ಎಂದೇ ಅಪ್ಪ ಹೇಳುತ್ತಿದ್ದ.

"ಮೊದಲ್ನೇ ಸೂಲಿಗೆ ಯಾವ ಹಸು ಆದ್ರೂ ತಂಬಿಗೆ ತುಂಬಿಸ್ತೈತೆ ಕಣಲೇ," ಎಂದು ಅಜ್ಜಿ ನನ್ನನ್ನು ಗೋದಲೆಯ ಪಕ್ಕ ಕೂರಿಸಿಕೊಂಡು ಹೇಳುತ್ತಿದ್ದಳು. "ಎಂಟ್ನೇ ಸೂಲಿಗೂ ತುಂಬಿಸ್ತೈತಾ ನೋಡು. ಒಣಗಿದ ಸಜ್ಜೆ ದಂಟು ಹಾಕಿದ್ರೂ ಮುಖ ತಿರುಗಿಸ್ದೆ ತಿಂತೈತಾ ನೋಡು. ಮೇಯೋ ಕಾವಲಿಂದ ಬರೋವಾಗ ಹಿಂದೆ ಬೀಳ್ತೈತಾ, ಮುಂದೆ ಬರ್ತೈತಾ ನೋಡು. ಬರೀ ಮುಖ ಕಟ್ಕಂಡು ಏನು ಮಾಡ್ತಿ?"

ಅಪ್ಪನ ಶಾಸ್ತ್ರ ಬೇರೆ. ಅದನ್ನು ಅವನು ದನದ ಸಂತೆಯ ದಲ್ಲಾಳಿಗಳಿಂದ ಕಲಿತಿದ್ದ. ದನದ ಮೈಮೇಲಿನ ಕೂದಲ ಸುಳಿ ಎಲ್ಲಿದೆ, ಎತ್ತ ತಿರುಗಿದೆ, ಕೊಂಬು ಎಷ್ಟು ನೀಳ, ಬಾಲದ ಕುಚ್ಚು ಎಷ್ಟು ದಪ್ಪ ಎಂದು ಒಂದೊಂದು ಹೋರಿಯ ಸುತ್ತ ಅರ್ಧ ದಿನ ಸುತ್ತುತ್ತಿದ್ದ. ಮಲ್ಲಿಗೆಯನ್ನು ತಂದದ್ದೂ ಹಾಗೇ. ಊಟಕ್ಕೆ ಕೂತರೆ ಹುರುಳಿ ಸಾರು ಆರುವವರೆಗೆ ಇದೇ ವಾದ.

"ಅವ್ವ, ಮಲ್ಲಿಗೆ ಭುಜದ ಮ್ಯಾಲೆ ಜೋಡಿ ಸುಳಿ ಐತೆ. ಇಂಥದ್ದು ಇದ್ರೆ ಮನೆ ಏಳ್ತೈತಂತೆ."

"ಮನೆ ಆಮ್ಯಾಕೆ ಏಳ್ಲಿ. ಮೊದ್ಲು ಅದು ಇನ್ನೊಂದ್ಸಲ ಈಯ್ಲಿ."

"ಸುಳಿಯಾಗೆ ಎಲ್ಲ ಬರ್ದಿರ್ತೈತೆ, ನಿನಗೆ ಗೊತ್ತಾಗಲ್ಲ ಬಿಡು."

"ನಿನ್ನ ನೆತ್ತಿ ಮ್ಯಾಲೂ ಎರಡು ಸುಳಿ ಅವೆ ಕಣಪ್ಪ. ಹೆತ್ತೋಳು ನಾನು, ನೋಡಿದೀನಿ. ಇಲ್ಲಿತಂಕ ಏನೂ ಎದ್ದಿಲ್ಲ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡುತ್ತಿದ್ದಳು. ನಾನು ಅವಳ ಹಿಂದೆ ಹೋಗಿ ಆ ಮಾತುಕತೆಯನ್ನು ಇಬ್ಬರ ದನಿಯಲ್ಲೂ ಇನ್ನೊಂದು ಸಲ ಆಡಿ ತೋರಿಸಿ, ಅದಕ್ಕೆ ಸಂಬಳವಾಗಿ ಗಟ್ಟಿ ಮೊಸರು ಹಾಕಿಸಿಕೊಳ್ಳುತ್ತಿದ್ದೆ.

ಆ ವರ್ಷ ಕೊಟ್ಟಿಗೆಯಲ್ಲಿ ಮೂರು ವರ್ಷ ತುಂಬಿದ ಎರಡು ಹೋರಿಗಳಿದ್ದವು. ಒಂದು ಬೂದಿಯ ಮಗ. ತಾಯಿಯ ಹಾಗೇ ಬೂದಿ ಬಣ್ಣ, ಒಂದು ಕೊಂಬು ತುಸು ಕೆಳಗೆ, ದೊಡ್ಡ ಕಿವಿ. ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತವನ ಹಾಗೆ ಸದಾ ತಲೆ ತಗ್ಗಿಸಿ ನಿಂತಿರುತ್ತಿತ್ತು. ಇನ್ನೊಂದು ಮಲ್ಲಿಗೆಯ ಮಗ. ಅಪ್ಪ ಅದಕ್ಕೆ ರಾಜ ಎಂದು ಹೆಸರಿಟ್ಟಿದ್ದ. ಹಾಲಿನಂಥ ಮೈ, ಅಳತೆ ಹಿಡಿದು ಮಾಡಿಸಿದಂಥ ಕೊಂಬು, ನಡೆದರೆ ಮದುಮಗ. ನಾನೂ ರಾಜನ ಪಕ್ಷವೇ. ಅವನನ್ನು ಕೆರೆಗೆ ಹೊಡೆದುಕೊಂಡು ಹೋದರೆ ನೀರಿಗೆ ಬಂದ ಹುಡುಗಿಯರು ತಿರುಗಿ ನೋಡುತ್ತಿದ್ದರು. ಅವರು ನನ್ನನ್ನೇ ನೋಡುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಹನ್ನೊಂದನೇ ವರ್ಷಕ್ಕೆ ಅಷ್ಟು ಮೂರ್ಖತನ ಸಾಲದೇ?

ಎರಡು ಹೋರಿ ಒಂದೇ ಕೊಟ್ಟಿಗೆಯಲ್ಲಿ ಇರುವಂತಿಲ್ಲ. ಒಂದು ಬೀಜಕ್ಕೆ, ಇನ್ನೊಂದು ನೊಗಕ್ಕೆ. ಸಂಕ್ರಾಂತಿ ಕಳೆದ ಮೇಲೆ ಅಜ್ಜಿ ತೀರ್ಮಾನ ಹೇಳಿದಳು.

"ಮಲ್ಲಿಗೆ ಮಗ ಎತ್ತಾಗ್ಲಿ. ಗಾಡಿಗೆ ಚಂದ ಕಾಣ್ತಾನೆ. ಬೂದಿ ಮಗ ಬೀಜಕ್ಕೆ ಇರ್ಲಿ."

ಅಪ್ಪ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ರಾಜನ ಹತ್ತಿರ ಮಾತ್ರ ಮಾತಾಡಿದ. ಅಜ್ಜಿ ಅದೇ ಮಾತನ್ನು ಆ ವಾರದಲ್ಲಿ ಹತ್ತು ಸಲ ಹೇಳಿರಬೇಕು. ಮನೆಯವರಿಗೆಲ್ಲ ಗೊತ್ತಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಯಾರಿಗೂ ಗೊತ್ತಿರಲಿಲ್ಲ.

ಬೀಜ ಒಡೆಯುವ ಓಬಣ್ಣ ಮದಕರಿಪುರದ ಕಡೆಯವನು. ಸುಗ್ಗಿ ಮುಗಿದ ಮೇಲೆ ಹಗ್ಗದ ಚೀಲ ಹೆಗಲಿಗೇರಿಸಿ ಊರಿಂದೂರಿಗೆ ನಡೆದು ಬರುತ್ತಿದ್ದ. ಪ್ರತಿ ಮಾತಿನ ಕೊನೆಗೂ ಅಲ್ವೇನ್ರಿ ಎನ್ನುವುದು ಅವನ ಅಭ್ಯಾಸ. ಹೋರಿಯ ಹತ್ತಿರವೂ ಅಲ್ವೇನ್ರಿ ಎಂದೇ ಮಾತಾಡುತ್ತಿದ್ದ. ಈ ಕೆಲಸಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಹೋರಿಯನ್ನು ಕೆಡವುವ ಹೊತ್ತಿಗೆ ಹೆಂಗಸರು ಹೊರಗೆ ಬರಬಾರದು, ನೋಡಬಾರದು. ಮನೆಯ ಹಿರಿ ಹೆಂಗಸು ಬಾಗಿಲ ಹಿಂದೆ ನಿಂತು, ಯಾವ ಹೋರಿ ಎಂದು ಒಳಗಿನಿಂದಲೇ ಕೂಗಿ ಹೇಳಬೇಕು. ಆ ಮಾತು ಬಿದ್ದ ಮೇಲೆ ಓಬಣ್ಣ ಎರಡನೇ ಸಲ ಕೇಳುವಂತಿಲ್ಲ; ಕೇಳಿದರೆ ಪ್ರಾಣಿಗೆ ಕೇಡು ಎಂದು ಅವನ ನಂಬಿಕೆ. ಆಮೇಲೆ ಹಚ್ಚಲು ಅರಿಸಿನ ಹಾಕಿ ಕಾಸಿದ ಹರಳೆಣ್ಣೆ, ತಿನ್ನಿಸಲು ಬೆಲ್ಲ. ಆ ಬೆಳಿಗ್ಗೆ ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಜ್ಜಿ ಹಿಂದಿನ ಅಡಿಗೆಮನೆಯಲ್ಲಿ, ಬಾಗಿಲ ಕೂಗು ಕೇಳಿಸದಷ್ಟು ದೂರದಲ್ಲಿ, ಒಲೆಯ ಮುಂದೆ ಎಣ್ಣೆ ಕಾಸುತ್ತಾ ಬೆಲ್ಲದ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು.

"ಬಾಗ್ಲತ್ರ ನಿಂತಿರು. ಓಬ ಕೇಳಿದ ತಕ್ಷಣ ಓಡಿ ಬಂದು ನನ್ನ ಕರಿ. ಎಣ್ಣೆ ಹೊತ್ತಿಕೊಂಡ್ರೆ ಕಷ್ಟ."

ನಾನು ಬಾಗಿಲ ಸಂದಿಯಲ್ಲಿ ನಿಂತೆ. ಹೊರಗೆ ಅಪ್ಪ ಎರಡೂ ಹೋರಿಗಳ ಹಗ್ಗ ಹಿಡಿದು ನಿಂತಿದ್ದ. ಓಬಣ್ಣ ಪಂಚೆ ಎತ್ತಿ ಕಟ್ಟಿ ಕೂಗಿದ.

"ಅಜ್ಜೀ, ಯಾವುದನ್ನ ಕೆಡವಾಣ, ಅಲ್ವೇನ್ರಿ?"

ನಾನು ಅಜ್ಜಿಯನ್ನು ಕರೆಯಬೇಕಿತ್ತು. ಕರೆಯಲಿಲ್ಲ. ರಾಜನ ಮೇಲಿನ ಆಸೆ ಒಂದು ಪಾಲು, ತಮಾಷೆ ಮೂರು ಪಾಲು. ತಲೆಕೆಳಗಾಗಿ ಹೇಳಿದರೆ ಓಬಣ್ಣ ತಬ್ಬಿಬ್ಬಾಗುತ್ತಾನೆ, ಅಪ್ಪ ಲೇ ಗಿಣಿ ಎಂದು ಗದರುತ್ತಾನೆ, ಎಲ್ಲರೂ ನಕ್ಕು ಇದೆಂಥ ಗಂಟಲಪ್ಪ ಈ ಹುಡುಗನದು ಎನ್ನುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಕೆಳಗಿನಿಂದ ಶುರುಮಾಡಿ, ಕಿರುಗುಟ್ಟಿಸಿ ಏರಿಸಿ, ಒನಕೆ ಹಾಕಿ ನಿಲ್ಲಿಸಿದೆ.

"ಬೂದಿ ಮಗನ್ನ ಕೆಡವೋ ಓಬಾ!"

ಓಬಣ್ಣ ತಬ್ಬಿಬ್ಬಾಗಲಿಲ್ಲ. ಹೂಂ ಎಂದು ಹಗ್ಗ ಬಿಚ್ಚತೊಡಗಿದ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಎರಡು ಸಲ ಕೆಮ್ಮಿ, ಬೂದಿಯ ಮಗನ ಹಗ್ಗವನ್ನು ಓಬಣ್ಣನ ಕೈಗೆ ಕೊಟ್ಟ. ಅಷ್ಟು ಬೇಗ ಅಪ್ಪ ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ನೋಡಿರಲಿಲ್ಲ. ಒಂದು ಉಸಿರಿನಲ್ಲಿ ಹೋರಿ ಮಗ್ಗುಲಿಗೆ ಬಿತ್ತು. ಆಗಲಾದರೂ ಬ್ಯಾಡ್ರಿ, ಹೇಳಿದ್ದು ನಾನು ಎಂದು ಕೂಗಬಹುದಿತ್ತು. ಕೂಗಲು ನನ್ನ ಸ್ವಂತ ದನಿಯನ್ನು ಹುಡುಕಿದೆ, ಸಿಗಲಿಲ್ಲ. ಕೈಯಲ್ಲಿದ್ದ ಬೆಲ್ಲ ಬಾಯಿಗೆ ಹೋಯಿತು.

ಅಜ್ಜಿ ಎಣ್ಣೆಯ ಬಟ್ಟಲು ಹಿಡಿದು ಬಂದು ಕಟ್ಟಳೆಯಂತೆ ಮುಖ ಆ ಕಡೆ ಮಾಡಿಕೊಂಡು ಬಾಗಿಲಿಂದಾಚೆ ಚಾಚಿದಳು. ಓಬ ಕೇಳ್ಳಿಲ್ವಾ ಎಂದು ನನ್ನನ್ನು ಕೇಳಿದಳು. ನನ್ನ ಬಾಯಿ ತುಂಬಿತ್ತು. ವಾರವೆಲ್ಲ ಹೇಳಿದ ಮಾತೇ ತಾನೆ, ಕೇಳದೆ ಶುರುಮಾಡಿದ್ದಾನೆ ಎಂದು ಆಕೆ ತಿಳಿದಿರಬೇಕು. ಕೆಲಸ ಮುಗಿಸಿ ಓಬಣ್ಣ ಹೋರಿಯನ್ನು ಒಳಗೆ ತಂದು ಕಟ್ಟುವಾಗಲೇ ಆಕೆ ನೋಡಿದ್ದು.

"ಇದನ್ಯಾಕೋ ಕೆಡವಿದೆ?"

"ನೀವೇ ಹೇಳಿದ್ರಲ್ಲ ಅಜ್ಜಿ, ಅಲ್ವೇನ್ರಿ."

"ನಾನಾ? ನಾನು ಒಲೆ ಮುಂದಿದ್ದೆ! ನಾನು ಬಾಯೇ ಬಿಟ್ಟಿಲ್ಲ!"

"ಈ ಕಿವಿಯಾಗೆ ಕೇಳಿದೀನಿ. ಯಜಮಾನ್ರೂ ಕೇಳಿದಾರೆ, ಅಲ್ವ್ರಾ ಯಜಮಾನ್ರೆ?"

"ಹೂಂ ಅವ್ವ, ನಾನೂ ಕೇಳ್ದೆ," ಎಂದ ಅಪ್ಪ. ಈ ಸಲ ಕೆಮ್ಮಲಿಲ್ಲ, ಯಾಕೆಂದರೆ ಇದು ನಿಜವಾಗಿತ್ತು. "ಮನಸು ಬದ್ಲಾಯಿಸಿದೀಯ ಅಂತ ತಿಳ್ಕಂಡೆ."

ಬೂದಿಯ ಮಗ ಗೋದಲೆಗೆ ಗಲ್ಲ ಆನಿಸಿ ನಿಂತಿತ್ತು. ಅಜ್ಜಿ ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡು ಮಧ್ಯಾಹ್ನದವರೆಗೆ ಅಲ್ಲಿಂದ ಕದಲಲಿಲ್ಲ. ಊಟಕ್ಕೆ ಬರಲಿಲ್ಲ. ಅಮ್ಮ ಎರಡು ಸಲ ಕರೆದು, ಮೂರನೇ ಸಲ ಅಪ್ಪನ ಮುಖ ನೋಡಿ, ವಯಸ್ಸಾಯ್ತು ಎಂದಳು. ಮನೆಯಲ್ಲಿ ಆ ಮಾತು ಹುಟ್ಟಿದ್ದು ಆ ದಿನ, ಮುದ್ದೆಯ ಮಡಕೆಯ ಪಕ್ಕ. ಗಿಣಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ; ಅಣಕಿಸಿದ ಮೇಲೆ ತಾನೇ ಮೊದಲು ನಗುವ ಹುಡುಗ ಆ ದಿನ ನಕ್ಕಿರಲಿಲ್ಲ.

ರಾಜನ ಆಳ್ವಿಕೆ ಶುರುವಾಯಿತು. ಸ್ವರಾಜ್ಯ ಬಂದ ಹೊಸತು. ಸೈಕಲ್ಲಿನಲ್ಲಿ ಬರುತ್ತಿದ್ದ ಗ್ರಾಮಸೇವಕ ರಾಜನನ್ನು ನೋಡಿ, ತಳಿ ಸುಧಾರಣೆ ಅಂದ್ರೆ ಇದು ನೋಡ್ರಿ ಎಂದು ಚಿತ್ರದುರ್ಗದ ದನದ ಪ್ರದರ್ಶನಕ್ಕೆ ಚೀಟಿ ಬರೆದುಕೊಟ್ಟ. ಅಪ್ಪ ರಾಜನ ಕೊಂಬಿಗೆ ಎಣ್ಣೆ ಹಚ್ಚಿ ನಡೆಸಿಕೊಂಡು ಹೋಗಿ ಒಂದು ಟವೆಲ್ಲು ಗೆದ್ದು ತಂದ. ಆ ಟವೆಲ್ಲಿನಲ್ಲಿ ಯಾರೂ ಮೈ ಒರೆಸುವಂತಿರಲಿಲ್ಲ. ಊರಿನವರೂ ತಮ್ಮ ಹಸುಗಳನ್ನು ಹೊಡೆದುಕೊಂಡು ರಾಜನ ಹತ್ತಿರ ಬಂದರು. ಕೋಪ ಬರುವುದು ಇದಕ್ಕೇ. ಕೆಟ್ಟ ಕೆಲಸ ಮಾಡಿದವನು ಬರೀ ತನ್ನ ಮನೆ ಕೆಡಿಸಿ ಸುಮ್ಮನಿರಬಾರದೇ? ನಾನು ನಾಲ್ಕು ಪದದಲ್ಲಿ ಇಡೀ ಊರಿನ ಕೊಟ್ಟಿಗೆಗೆ ಕೈ ಹಾಕಿದ್ದೆ. ಪ್ರದರ್ಶನದಿಂದ ಬಂದ ಖುಷಿಯಲ್ಲಿ ಅಪ್ಪ ಕೊಟ್ಟಿಗೆಗೆ ಸುಣ್ಣ ಹೊಡೆಸಿದ. ಅಜ್ಜಿ ಹೊಲದಿಂದ ಬರುವಷ್ಟರಲ್ಲಿ ಬೂದಿ, ಬೂದಿಯ ತಾಯಿ, ತಾಯಿಯ ತಾಯಿ, ಎಲ್ಲರ ಹೆಬ್ಬೆರಳ ಗುರುತೂ ಬಿಳಿಯ ಕೆಳಗೆ ಹೋಗಿತ್ತು. ಆಕೆ ಗೋಡೆ ಮುಟ್ಟಿ ನೋಡಿ, ಬೆರಳಿಗೆ ಹತ್ತಿದ ಸುಣ್ಣವನ್ನು ಸೀರೆಗೆ ಒರೆಸಿಕೊಂಡು, ನನಗೆ ಬಾಯಲ್ಲೇ ಬರ್ತದೆ ಬಿಡು ಎಂದಳು. ಬಾಯಲ್ಲಿ ಹೇಳಿದ್ದನ್ನು ಆಗ ಯಾರು ಕೇಳುತ್ತಿದ್ದರು?

ರಾಜನಿಗೆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಚೆಲುವಿ, ಸಿಂಗಾರಿ ಎಂದು ಅಪ್ಪನೇ ಹೆಸರಿಟ್ಟ. ಚೆಲುವಿ ನಾಲ್ಕು ವರ್ಷ ತುಂಬಿದರೂ ಬೆದೆಗೆ ಬರಲಿಲ್ಲ. ಕನ್ನಡಿ ಕೊಟ್ಟಿದ್ದರೆ ಮುಂದೆ ಕೂತಿರುತ್ತಿದ್ದಳು. ಸಿಂಗಾರಿ ಒಂದು ಸಲ ಈದಳು. ಆ ದಿನ ಮಾಡಿದ ಗಿಣ್ಣು ಒಬ್ಬೊಬ್ಬರಿಗೆ ಒಂದು ಚಮಚ ಬಂತು. ನಾನು ಬಟ್ಟಲನ್ನು ನೆಕ್ಕಿ ಬಟ್ಟಲಿನ ಬಣ್ಣವನ್ನೇ ತಿಂದೆ. ಮೊದಲ್ನೇ ಸೂಲು ಅಲ್ವಾ ಎಂದ ಅಪ್ಪ. ನಾಲ್ಕು ತಿಂಗಳಿಗೆ ಅವಳು ಬತ್ತಿದಳು. ಬತ್ತುವವರೆಗೂ ದಿನಾ ಕರೆಯಲು ಕೂತವರನ್ನು ಒದ್ದಳು. ಒಂದು ಬೆಳಿಗ್ಗೆ ಅಮ್ಮ ಮೊಣಕಾಲು ಹಿಡಿದುಕೊಂಡು ಜಗಲಿಯ ಮೇಲೆ ಕೂತು ಅಪ್ಪನನ್ನು ಕರೆದಳು.

"ಬರ್ರಿ, ಕುಂತ್ಕಳ್ರಿ ಇಲ್ಲಿ. ನಿಮ್ಮ ಸಿಂಗಾರಿನ ಕರೆಯೋಕೆ ಮೂರು ಜನ ಬೇಕು, ಆ ಹಾಲು ಕುಡಿಯೋಕೆ ಅರ್ಧ ಜನ ಸಾಕು. ನಾಳೆಯಿಂದ ಸುಳಿ ಹಿಂಡಿ ಹಾಲು ತಗಳ್ರಿ."

ಆದರೂ ಯಾರೂ ಅಜ್ಜಿಯ ಹತ್ತಿರ ಹೋಗಿ ಕೇಳಲಿಲ್ಲ. ಆಕೆ ಸಾರಿಗೆ ಉಪ್ಪು ಹಾಕಿದರೆ ಅಮ್ಮ ಬಂದು ರುಚಿ ನೋಡುತ್ತಿದ್ದಳು. ಆಕೆ ಬಾಗಿಲು ಹಾಕಿದೆ ಎಂದರೆ ಅಪ್ಪ ಎದ್ದು ಹೋಗಿ ಅಗಳಿ ಮುಟ್ಟಿ ಬರುತ್ತಿದ್ದ. ದಿನಾ ಹಾಲು ಕರೆಯುವ ಹೊತ್ತಿಗೆ ಅಜ್ಜಿ, ಅವತ್ತು ನಾನು ಹೇಳಿಲ್ಲ ಎಂದು ಶುರುಮಾಡುತ್ತಿದ್ದಳು. ಹೂಂ ಅವ್ವ ಎಂದು ಅಪ್ಪ, ಹೂಂ ಅತ್ತೆ ಎಂದು ಅಮ್ಮ. ಆ ಹೂಂ ಎನ್ನುವುದನ್ನು ನಾನು ಯಾವತ್ತೂ ಅಣಕಿಸಲಿಲ್ಲ. ನನಗೆ ಹದಿನಾಲ್ಕು ತುಂಬಿದ್ದಾಗ ಒಂದು ಸಂಜೆ ಆಕೆ ಗೋದಲೆಯ ಪಕ್ಕ ನನ್ನನ್ನು ಕೂರಿಸಿಕೊಂಡಳು.

"ಲೇ ಗಿಣಿ, ನೀನು ಅಲ್ಲೇ ಇದ್ದೆ. ನಿಜ ಹೇಳಪ್ಪ. ನಾನು ಹೇಳಿದ್ನಾ? ಒಂದೊಂದ್ಸಲ ನನಗೇ ಹೇಳಿದ್ನೇನೋ ಅನ್ನಿಸ್ತೈತೆ."

ನಾನು ಎರಡು ಸಲ ಕೆಮ್ಮಿ, ನಂಗೊತ್ತಿಲ್ಲಜ್ಜಿ ಎಂದೆ. ಆ ಕೆಮ್ಮು ಬೇಕೆಂದು ಮಾಡಿದ್ದಲ್ಲ, ತಾನಾಗಿ ಬಂತು. ಯಾರ ಮಗ ನಾನು ಎನ್ನುವುದು ಅಂದು ಖಾತ್ರಿಯಾಯಿತು. ಆಮೇಲೆ ಬಹಳ ದಿನ ಯಾರ ದನಿಯನ್ನೂ ತೆಗೆಯಲಾಗಲಿಲ್ಲ. ಗಿಣಿಗೆ ಏನೋ ಕಾಯಿಲೆ ಎಂದು ಅಮ್ಮ ಹರಳೆಣ್ಣೆ ಕುಡಿಸಿದಳು.

ಇಷ್ಟರ ನಡುವೆ ಒಂದು ಹಸು ಯಾರ ಕಣ್ಣಿಗೂ ಬೀಳದೆ ಬೆಳೆದಿತ್ತು. ತನ್ನ ಮಗನ ಬೀಜ ಒಡೆದ ವರ್ಷವೇ ಬೂದಿ ಕೊನೆಯ ಸಲ ಈದು ಒಂದು ಹೆಣ್ಣುಗರು ಹಾಕಿದ್ದಳು. ರಾಜನಿಗಿಂತ ಮುಂಚೆ ಇದ್ದ ಹೋರಿಯ ಕರು ಅದು. ಸಣ್ಣ ಬೂದಿ ಎಂದು ಅಜ್ಜಿ ಕರೆದಳು. ಅಪ್ಪ ಹೆಸರಿಡುವ ತೊಂದರೆ ತೆಗೆದುಕೊಳ್ಳಲಿಲ್ಲ. ಬೂದಿ ಸತ್ತ ಮೇಲೆ ಅದೇ ಗೂಟಕ್ಕೆ ಸಣ್ಣ ಬೂದಿ ಬಂದಳು, ಆರು ವರ್ಷ ತುಂಬುವಷ್ಟರಲ್ಲಿ ಎರಡು ಸಲ ಈದಳು; ಮಗ್ಗುಲಲ್ಲಿ ಒಂದು ಹೋರಿಗರು. ಮನೆಗೆ ಮಜ್ಜಿಗೆ ಬರುತ್ತಿದ್ದದ್ದು ಅವಳಿಂದ. ಆದರೆ ಅವಳ ಬೆನ್ನ ಮೇಲೆ ಒಂದು ಸುಳಿ ಇತ್ತು, ಅದು ಯಜಮಾನನಿಗೆ ಆಗದ ಸುಳಿಯಂತೆ. ಕೊಟ್ಟಿಗೆಯಲ್ಲಿ ಜಾಗ ಸಾಲದು ಎನ್ನುವ ಮಾತು ಬಂದಾಗ ಅಪ್ಪನ ಬೆರಳು ನೇರ ಅವಳ ಕಡೆ ಹೋಯಿತು. ಚೆಲುವಿಯ ಕಡೆಗಲ್ಲ, ಸಿಂಗಾರಿಯ ಕಡೆಗಲ್ಲ. ಓಬಣ್ಣನೇ ಹಿರಿಯೂರಿನ ಕಡೆ ಒಬ್ಬರನ್ನು ಗೊತ್ತುಮಾಡಿದ. ಹಸು, ಕರು ಎರಡೂ ಹೋಗುವುದೆಂದಾಯಿತು. ಹೋದರೆ ಬೂದಿಯ ಸಂತಾನ ನಮ್ಮ ಮನೆಯಲ್ಲಿ ಅಲ್ಲಿಗೆ ಮುಗಿಯುತ್ತಿತ್ತು. ಬೀಜಕ್ಕೆ ಇಡಲು ಉಳಿದಿದ್ದ ಗಂಡು ಆ ಹೋರಿಗರು ಒಂದೇ.

ಹಸು ಮನೆ ಬಿಟ್ಟು ಹೋಗುವಾಗ ಹಿರಿ ಹೆಂಗಸು ಅದರ ಹಣೆಗೆ ಕುಂಕುಮ ಇಟ್ಟು, ಒಂದು ರೊಟ್ಟಿ ತಿನ್ನಿಸಿ, ಹಗ್ಗವನ್ನು ತಾನೇ ಎತ್ತಿ ಕೊಡಬೇಕು. ಓಬಣ್ಣ ಬಂದು ನಿಂತ. ಅಮ್ಮ ಕುಂಕುಮದ ಬಟ್ಟಲು ತಂದಳು. ಅಜ್ಜಿ ಜಗಲಿಯ ತುದಿಯಲ್ಲಿ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದವಳು ಹಗ್ಗಕ್ಕೆ ಕೈ ನೀಡಲಿಲ್ಲ. ಇದಲ್ಲ ಎನ್ನುವ ಹಾಗೆ ತಲೆ ಆಡಿಸಿದಳು. ಅಪ್ಪ ಅಮ್ಮನ ಕಡೆ ತಿರುಗಿದ.

"ಏ, ನೀನೇ ಬಂದು ಇಡು. ಅವ್ವಂಗೆ ಈಗ ಯಾವ ಹಸು ಯಾವುದು ಅಂತ್ಲೂ ಗೊತ್ತಾಗಲ್ಲ."

ಅಮ್ಮ ಕುಂಕುಮದ ಬಟ್ಟಲಿಗೆ ಬೆರಳು ಅದ್ದಿದಳು. ನನಗಾಗ ಹದಿನೇಳು. ನನ್ನ ಗಂಟಲು ಒಡೆದು ಗಂಡಸಿನದಾಗಿತ್ತು. ಆ ದನಿ ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಆದರೆ ಅಜ್ಜಿಯ ದನಿಯೂ ಆ ವರ್ಷಗಳಲ್ಲಿ ದಪ್ಪವಾಗಿತ್ತು. ನಾನು ಎದ್ದು ಹೋಗಿ ಬಾಗಿಲ ಹಿಂದೆ ನಿಂತು ಕಣ್ಣು ಮುಚ್ಚಿದೆ.

"ಬೂದಿ ಮಗನ್ನ ಕೆಡವೋ ಓಬಾ!"

ಓಬಣ್ಣನ ಕೈ ತಾನಾಗಿ ಹೆಗಲ ಚೀಲಕ್ಕೆ ಹೋಯಿತು. ಹೂಂ ಎನ್ನಲು ಬಾಯಿ ತೆರೆದವನು ಅಜ್ಜಿಯ ಕಡೆ ನೋಡಿದ. ಅಪ್ಪ ನೋಡಿದ, ಅಮ್ಮ ನೋಡಿದಳು. ಅಜ್ಜಿ ಕೆನ್ನೆ ಉಬ್ಬಿಸಿ ತುಟಿ ಬಿಗಿದು ಎಲೆ ಅಡಿಕೆ ಮೆಲ್ಲುತ್ತಿದ್ದಳು. ಮೆಲ್ಲುವುದೂ ನಿಂತಿತು. ನಾನು ಬಾಗಿಲ ಹಿಂದಿನಿಂದ ಬಂದು ಎಲ್ಲರ ಮುಂದೆ ನಿಂತು ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಂದು ಸಲ ಹೇಳಿದೆ. ಹೇಳಿ ಮುಗಿಯುವ ಮುಂಚೆಯೇ ಅಪ್ಪನ ಕೈ ನನ್ನ ಕೆನ್ನೆ ಮುಟ್ಟಿತು.

"ಅಯ್ಯೋ ನಿನ್ನ ಗಂಟಲು ಸೇದಿಹೋಗ!" ಎಂದು ಓಬಣ್ಣ ಚೀಲವನ್ನೇ ಕೆಳಗೆ ಬಿಸಾಡಿದ. "ಅಜ್ಜಿಗೆ ಅರುಳು ಮರುಳು ಅಂತ ಹೋದ ಹೋದ ಊರಾಗೆಲ್ಲ ಹೇಳ್ಕಂಡು ಬಂದೀನಲ್ಲೋ ನಾನು! ಇನ್ನ ಎಷ್ಟು ಊರಿಗೆ ವಾಪಸ್ ಹೋಗ್ಬೇಕು, ಅಲ್ವೇನ್ರಿ?"

ಅಮ್ಮ ಕುಂಕುಮದ ಬಟ್ಟಲನ್ನು ಕೆಳಗಿಟ್ಟು ಅಜ್ಜಿಯ ಮುಂದೆ ಹೋಗಿ ನಿಂತಳು. ಅಪ್ಪ ನನಗೆ ಇನ್ನೆರಡು ಕೊಟ್ಟ. ಕೊಡುವುದು ಮುಗಿದ ಮೇಲೆ ಅವನಿಗೆ ಎಲ್ಲಿ ನೋಡಬೇಕೋ ತಿಳಿಯದೆ ಸಣ್ಣ ಬೂದಿಯ ಬೆನ್ನಿನ ಸುಳಿಯನ್ನು ನೋಡಿದ, ಗೋಡೆ ನೋಡಿದ, ಕೊನೆಗೆ ಉಳಿದ ತಪ್ಪನ್ನು ಯಾರ ಮೇಲಾದರೂ ಹಾಕಲೇಬೇಕಾದವನಂತೆ ಅಜ್ಜಿಯ ಕಡೆ ತಿರುಗಿದ.

"ಅಲ್ಲ ಅವ್ವ, ಈ ಕೋತಿ ಮಾಡಿದ್ದು ಸರಿ. ನೀನಾದ್ರೂ ನಾನು ಹೇಳಿಲ್ಲ ಅಂತ ಗಟ್ಟಿಯಾಗಿ ಹೇಳಬಾರದಿತ್ತಾ?"

ಅಜ್ಜಿ ಎದ್ದು ಬಾಗಿಲಾಚೆ ಹೋಗಿ ಎಲೆ ಅಡಿಕೆ ಉಗುಳಿ, ಬಾಯಿ ಒರೆಸಿಕೊಂಡು ಬಂದಳು. ಆಕೆ ಆಗ ಹೇಳಿದ ಮಾತಿಗೆ ಅಪ್ಪ ಸಣ್ಣ ಬೂದಿಯನ್ನೂ ಕರುವನ್ನೂ ಮತ್ತೆ ಅದೇ ಗೂಟಕ್ಕೆ ಕಟ್ಟಿದ, ಓಬಣ್ಣ ಬರಿಗೈಯಲ್ಲಿ ಹೋದ, ಮುಂದೆ ಆ ಹೋರಿಗರುವೇ ನಮ್ಮ ಮನೆಯ ಬೀಜದ ಹೋರಿಯಾಯಿತು. ಹೇಳಿದ್ದು ಇಷ್ಟೇ:

"ಆರು ವರ್ಷ ದಿನಾ ಗಟ್ಟಿಯಾಗೇ ಹೇಳ್ದೆ ಕಣಪ್ಪ. ನನ್ನ ದನಿ ಇವನ ಬಾಯಾಗೆ ಬಂದ್ರೆ ಹೋರಿ ಕೆಡವ್ತೀರಿ, ನನ್ನ ಬಾಯಾಗೆ ಬಂದ್ರೆ ಹೂಂ ಅಂತೀರಿ."